ಡೀಪ್‌ಮೈಂಡ್

ಡೀಪ್‌ಮೈಂಡ್ ಲಂಡನ್‌ನಲ್ಲಿ 2010ರಲ್ಲಿ ಸ್ಥಾಪನೆಯಾದ ಕೃತಕ ಬುದ್ಧಿಮತ್ತೆ ಸಂಶೋಧನಾ ಕಂಪನಿ. ಡೆಮಿಸ್ ಹಸಾಬಿಸ್, ಶೇನ್ ಲೆಗ್ ಮತ್ತು ಮುಸ್ತಫಾ ಸುಲೇಮಾನ್ ಇದರ ಸಂಸ್ಥಾಪಕರು. 2014ರಲ್ಲಿ ಗೂಗಲ್ ಇದನ್ನು ಕೊಂಡುಕೊಂಡಿತು. 2023ರ ಏಪ್ರಿಲ್‌ನಲ್ಲಿ ಗೂಗಲ್ ಬ್ರೈನ್ ವಿಭಾಗದೊಡನೆ ವಿಲೀನವಾದ ಮೇಲೆ ಇದರ ಹೆಸರು ಗೂಗಲ್ ಡೀಪ್‌ಮೈಂಡ್. ಪ್ರಧಾನ ಕಚೇರಿ ಲಂಡನ್‌ನ ಕಿಂಗ್ಸ್ ಕ್ರಾಸ್ ಪ್ರದೇಶದಲ್ಲಿದೆ. ಗೋ ಆಟದಲ್ಲಿ ವಿಶ್ವಮಟ್ಟದ ಆಟಗಾರರನ್ನು ಸೋಲಿಸಿದ ಆಲ್ಫಾಗೋ, ಪ್ರೋಟೀನ್‌ಗಳ ರಚನೆಯನ್ನು ಊಹಿಸುವ ಆಲ್ಫಾಫೋಲ್ಡ್ ಮತ್ತು ಜೆಮಿನೈ ಭಾಷಾ ಮಾದರಿಗಳು ಇದರ ಮುಖ್ಯ ಕೃತಿಗಳು. ಆಲ್ಫಾಫೋಲ್ಡ್‌ಗಾಗಿ ಹಸಾಬಿಸ್ ಮತ್ತು ಜಾನ್ ಜಂಪರ್ 2024ರ ರಸಾಯನಶಾಸ್ತ್ರ ನೊಬೆಲ್ ಪ್ರಶಸ್ತಿಯ ಅರ್ಧಭಾಗವನ್ನು ಹಂಚಿಕೊಂಡರು.

ಸ್ಥಾಪಕರು ಮತ್ತು ಹಿನ್ನೆಲೆ

ಹಸಾಬಿಸ್ 1976ರಲ್ಲಿ ಲಂಡನ್‌ನಲ್ಲಿ ಹುಟ್ಟಿದವರು. ತಂದೆ ಗ್ರೀಕ್ ಸೈಪ್ರಸ್ ಮೂಲದವರು, ತಾಯಿ ಸಿಂಗಪುರದ ಚೀನೀ ಮನೆತನದವರು. ಹದಿಮೂರನೆಯ ವಯಸ್ಸಿಗೆ ಚೆಸ್‌ನಲ್ಲಿ ಮಾಸ್ಟರ್ ಮಟ್ಟ ಮುಟ್ಟಿದ್ದ ಅವರು, ಹದಿಹರೆಯದಲ್ಲೇ ಬುಲ್‌ಫ್ರಾಗ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿ, 1994ರಲ್ಲಿ ಹೊರಬಂದ ‘ಥೀಮ್ ಪಾರ್ಕ್’ ಎಂಬ ಜನಪ್ರಿಯ ಕಂಪ್ಯೂಟರ್ ಆಟದ ರಚನೆಯಲ್ಲಿ ಪಾಲುಗೊಂಡರು. ಕೇಂಬ್ರಿಡ್ಜ್‌ನಲ್ಲಿ ಕಂಪ್ಯೂಟರ್ ವಿಜ್ಞಾನ ಓದಿ 1997ರಲ್ಲಿ ಪದವಿ ಪಡೆದರು. 1998ರಲ್ಲಿ ಎಲಿಕ್ಸಿರ್ ಸ್ಟುಡಿಯೋಸ್ ಎಂಬ ಸ್ವಂತ ಆಟ ಕಂಪನಿ ಕಟ್ಟಿದರು. ಅದು 2005ರಲ್ಲಿ ಮುಚ್ಚಿತು. ಬಳಿಕ ಯೂನಿವರ್ಸಿಟಿ ಕಾಲೇಜ್ ಲಂಡನ್‌ನಲ್ಲಿ ಎಲಿನರ್ ಮಗ್ವಾಯರ್ ಅವರ ಮಾರ್ಗದರ್ಶನದಲ್ಲಿ ನರವಿಜ್ಞಾನದ ಸಂಶೋಧನೆಗೆ ತೊಡಗಿದರು. ಮಿದುಳಿನ ಹಿಪ್ಪೊಕ್ಯಾಂಪಸ್ ಭಾಗಕ್ಕೆ ಹಾನಿಯಾಗಿ ನೆನಪು ಕಳೆದುಕೊಂಡವರಿಗೆ ಹೊಸ ಸನ್ನಿವೇಶಗಳನ್ನು ಕಲ್ಪಿಸಿಕೊಳ್ಳುವುದೂ ಕಷ್ಟ ಎಂದು ತೋರಿಸಿದ 2007ರ ಅವರ ಪ್ರಬಂಧ ಬಹಳ ಚರ್ಚೆಗೆ ಒಳಗಾಯಿತು. ನೆನಪು ಮತ್ತು ಕಲ್ಪನೆ ಒಂದೇ ವ್ಯವಸ್ಥೆಯನ್ನು ಆಧರಿಸಿವೆ ಎಂಬ ಈ ನೋಟ ಮುಂದೆ ಅವರ ಕಂಪನಿಯ ಯಂತ್ರಗಳ ವಿನ್ಯಾಸದಲ್ಲೂ ಕಾಣಿಸಿಕೊಂಡಿತು.

ಶೇನ್ ಲೆಗ್ ನ್ಯೂಜಿಲೆಂಡ್‌ನವರು. ಸ್ವಿಟ್ಜರ್ಲೆಂಡ್‌ನ ಲುಗಾನೊದಲ್ಲಿ ಮಾರ್ಕುಸ್ ಹುಟರ್ ಅವರ ಬಳಿ ಡಾಕ್ಟರೇಟ್ ಮಾಡಿದವರು. ಬಗೆಬಗೆಯ ಪರಿಸರಗಳಲ್ಲಿ ಗುರಿ ಸಾಧಿಸುವ ಸಾಮರ್ಥ್ಯವೇ ಬುದ್ಧಿಮತ್ತೆ ಎಂಬ ವ್ಯಾಖ್ಯೆಯನ್ನು ಹುಟರ್ ಮತ್ತು ಲೆಗ್ ಗಣಿತದ ರೂಪದಲ್ಲಿ ಮಂಡಿಸಿದ್ದರು. ಒಂದೇ ಕೆಲಸಕ್ಕೆ ಸೀಮಿತವಾಗದೆ ಮನುಷ್ಯರಂತೆ ಎಲ್ಲ ಬಗೆಯ ಕೆಲಸಗಳನ್ನೂ ಕಲಿಯಬಲ್ಲ ಯಂತ್ರದ ಬುದ್ಧಿಯನ್ನು ‘ಸಾರ್ವತ್ರಿಕ ಕೃತಕ ಬುದ್ಧಿಮತ್ತೆ’ ಎನ್ನುತ್ತಾರೆ. ಅದಕ್ಕಿರುವ ಇಂಗ್ಲಿಷ್ ಹೆಸರನ್ನು ಬಳಕೆಗೆ ತಂದವರಲ್ಲಿ ಲೆಗ್ ಒಬ್ಬರು. ಹಸಾಬಿಸ್ ಮತ್ತು ಲೆಗ್ ಪರಿಚಯವಾದದ್ದು ಯೂನಿವರ್ಸಿಟಿ ಕಾಲೇಜಿನ ಗ್ಯಾಟ್ಸ್‌ಬಿ ನರವಿಜ್ಞಾನ ಘಟಕದಲ್ಲಿ. ಮೂರನೆಯವರಾದ ಸುಲೇಮಾನ್ ಆಕ್ಸ್‌ಫರ್ಡ್‌ನ ಓದನ್ನು ಅರ್ಧಕ್ಕೆ ಬಿಟ್ಟು ಸಮಾಜಸೇವೆ ಮತ್ತು ಸಾರ್ವಜನಿಕ ನೀತಿಯ ಕ್ಷೇತ್ರದಲ್ಲಿ ದುಡಿದಿದ್ದವರು.

ಕಂಪನಿ ಹುಟ್ಟಿದ ಕಾಲಕ್ಕೆ ಸಾರ್ವತ್ರಿಕ ಕೃತಕ ಬುದ್ಧಿಮತ್ತೆಯನ್ನೇ ಗುರಿ ಎಂದು ಸಾರಿ ಬಂಡವಾಳ ಕೇಳುವವರು ಅಪರೂಪ. ವಿಶ್ವವಿದ್ಯಾಲಯಗಳಲ್ಲೂ ಆ ಮಾತಿಗೆ ಗಾಂಭೀರ್ಯ ಇರಲಿಲ್ಲ. ಆರಂಭದ ಹಣ ಪೀಟರ್ ಥೀಲ್ ಅವರ ಫೌಂಡರ್ಸ್ ಫಂಡ್, ಹಾಂಗ್‌ಕಾಂಗ್‌ನ ಹೊರೈಜನ್ಸ್ ವೆಂಚರ್ಸ್, ಇಲಾನ್ ಮಸ್ಕ್ ಮತ್ತು ಸ್ಕೈಪ್ ಕಟ್ಟಿದವರಲ್ಲಿ ಒಬ್ಬರಾದ ಯಾನ್ ಟಾಲಿನ್ ಅವರಿಂದ ಬಂತು.

ಸಂಶೋಧನೆಯ ವಿಧಾನ

ಕಂಪನಿಯ ಮೊದಲ ದಶಕದ ಕೆಲಸ ಎರಡು ತಂತ್ರಗಳ ಕೂಡಿಕೆಯ ಮೇಲೆ ನಿಂತಿದೆ. ಮೊದಲನೆಯದು ಕೃತಕ ನರಜಾಲ. ಇದು ಪದರ ಪದರವಾಗಿ ಜೋಡಿಸಿದ ಸರಳ ಗಣನಾ ಘಟಕಗಳ ಜಾಲ. ಉದಾಹರಣೆಗಳನ್ನು ನೋಡುತ್ತ ಘಟಕಗಳ ನಡುವಿನ ಕೊಂಡಿಗಳ ಬಲವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಎರಡನೆಯದು ಪುನರ್ಬಲನ ಕಲಿಕೆ. ಇಲ್ಲಿ ಯಂತ್ರಕ್ಕೆ ಸರಿಯುತ್ತರವನ್ನು ಯಾರೂ ಹೇಳಿಕೊಡುವುದಿಲ್ಲ. ಅದು ಏನಾದರೊಂದು ಮಾಡುತ್ತದೆ, ಅಂಕ ಬಂದರೆ ಆ ನಡೆಯ ಸಾಧ್ಯತೆ ಹೆಚ್ಚುತ್ತದೆ, ಬಾರದಿದ್ದರೆ ಕುಗ್ಗುತ್ತದೆ. ಪ್ರಾಣಿಗಳ ಮಿದುಳಿನಲ್ಲಿ ಡೋಪಮೈನ್ ಕೋಶಗಳು ನಿರೀಕ್ಷೆಗೂ ಫಲಕ್ಕೂ ಇರುವ ಅಂತರವನ್ನು ಸೂಚಿಸುವ ಕ್ರಮಕ್ಕೂ ಈ ಗಣಿತಕ್ಕೂ ಹತ್ತಿರದ ಸಂಬಂಧವಿದೆ. ಡೀಪ್‌ಮೈಂಡ್ ಹಾರ್ವರ್ಡ್ ಸಂಶೋಧಕರೊಡನೆ 2020ರಲ್ಲಿ ‘ನೇಚರ್’ನಲ್ಲಿ ಪ್ರಕಟಿಸಿದ ಪ್ರಬಂಧ ಈ ಸಂಬಂಧವನ್ನು ಇನ್ನಷ್ಟು ಸೂಕ್ಷ್ಮವಾಗಿ ತೋರಿಸಿತು.

ಈ ವಿಧಾನಕ್ಕೆ ಎರಡು ಅನುಕೂಲಗಳು ಬೇಕು. ಗೆಲುವನ್ನು ಅಳೆಯಲು ಸ್ಪಷ್ಟ ಅಂಕ ಇರಬೇಕು. ಲಕ್ಷಾಂತರ ಬಾರಿ ತಪ್ಪಲು ಅವಕಾಶ ಕೊಡುವ ಕೃತಕ ಪರಿಸರವೋ ಅಪಾರ ದತ್ತಾಂಶವೋ ಇರಬೇಕು. ಕಂಪನಿ ಕಂಪ್ಯೂಟರ್ ಆಟಗಳನ್ನು ಮೊದಲು ಆರಿಸಿಕೊಂಡದ್ದಕ್ಕೆ ಕಾರಣ ಇದು. ಅದರ ದೊಡ್ಡ ಯಶಸ್ಸುಗಳು ಈ ಎರಡು ಅನುಕೂಲಗಳು ಕೂಡಿದ ಕಡೆ ಬಂದಿವೆ. ತೊಡಕುಗಳು ಹೆಚ್ಚಾಗಿ ಅವು ಇಲ್ಲದ ಕಡೆ ಎದುರಾಗಿವೆ.

ಅಟಾರಿ ಪ್ರಯೋಗಗಳು

2013ರ ಡಿಸೆಂಬರ್‌ನಲ್ಲಿ ವ್ಲಾದಿಮಿರ್ ಮ್ನಿಹ್ ಮತ್ತು ಸಹೋದ್ಯೋಗಿಗಳು ಅಟಾರಿ 2600 ಯಂತ್ರದ ಏಳು ಆಟಗಳನ್ನು ತಾನಾಗಿ ಕಲಿತ ಒಂದು ಪ್ರೋಗ್ರಾಂನ ವರದಿ ಪ್ರಕಟಿಸಿದರು. ಅದಕ್ಕೆ ಆಟದ ನಿಯಮ ತಿಳಿಸಿರಲಿಲ್ಲ. ತೆರೆಯ ಮೇಲಿನ ಚುಕ್ಕೆಗಳು ಮತ್ತು ಅಂಕ, ಇವಿಷ್ಟೇ ಅದಕ್ಕೆ ಸಿಗುತ್ತಿದ್ದ ಮಾಹಿತಿ. ಮೂರು ಆಟಗಳಲ್ಲಿ ಅದು ನುರಿತ ಆಟಗಾರರನ್ನು ಮೀರಿಸಿತು. ಹಿಂದಿನ ಅನುಭವಗಳನ್ನು ಕೂಡಿಟ್ಟುಕೊಂಡು ಮತ್ತೆ ಮತ್ತೆ ಮೆಲುಕು ಹಾಕುವ ಒಂದು ವ್ಯವಸ್ಥೆ ಇದರ ಯಶಸ್ಸಿಗೆ ಮುಖ್ಯ ಕಾರಣ. 2015ರ ಫೆಬ್ರವರಿಯಲ್ಲಿ ‘ನೇಚರ್’ನಲ್ಲಿ ಬಂದ ವಿಸ್ತೃತ ಪ್ರಬಂಧ 49 ಆಟಗಳನ್ನು ಒಳಗೊಂಡಿತ್ತು. ಅರ್ಧಕ್ಕಿಂತ ಹೆಚ್ಚು ಆಟಗಳಲ್ಲಿ ಯಂತ್ರ ಮನುಷ್ಯರ ಮಟ್ಟಕ್ಕೆ ಬಂದಿತ್ತು. ಆದರೆ ‘ಮಾಂಟೆಜುಮಾಸ್ ರಿವೆಂಜ್’ ಆಟದಲ್ಲಿ ಅದು ಏನೂ ಗಳಿಸಲಿಲ್ಲ. ಮೊದಲ ಅಂಕ ಸಿಗುವ ಮುನ್ನ ಉದ್ದನೆಯ ಸರಣಿಯ ಕೆಲಸ ಮಾಡಬೇಕಾದ ಆ ಆಟ, ಅಂಕವನ್ನೇ ನೆಚ್ಚಿದ ಕಲಿಕೆಯ ಮಿತಿಯನ್ನು ಬಯಲು ಮಾಡಿತು. ಅಟಾರಿ ಪರೀಕ್ಷಾ ಪಟ್ಟಿಯ 57 ಆಟಗಳಲ್ಲೂ ಮನುಷ್ಯರ ಸರಾಸರಿ ಮಟ್ಟವನ್ನು ದಾಟಿದ ‘ಏಜೆಂಟ್57’ ಬಂದದ್ದು 2020ರಲ್ಲಿ.

ಗೂಗಲ್ ಸ್ವಾಧೀನ

2014ರ ಜನವರಿಯಲ್ಲಿ ಗೂಗಲ್ ಕಂಪನಿಯನ್ನು ಕೊಂಡಿತು. ಬೆಲೆ ಸುಮಾರು 40 ಕೋಟಿ ಪೌಂಡ್ ಎಂದು ವರದಿಯಾಯಿತು. ಆ ಹೊತ್ತಿಗೆ ಡೀಪ್‌ಮೈಂಡ್ ಮಾರಾಟಕ್ಕಿಟ್ಟ ಉತ್ಪನ್ನ ಒಂದೂ ಇರಲಿಲ್ಲ. ಕೊಂಡದ್ದು ಸಂಶೋಧಕರ ತಂಡವನ್ನು ಮತ್ತು ಅವರ ವಿಧಾನವನ್ನು. ತಮ್ಮ ತಂತ್ರಜ್ಞಾನವನ್ನು ಸೈನಿಕ ಕೆಲಸಕ್ಕೆ ಬಳಸಬಾರದು, ಅದರ ಮೇಲ್ವಿಚಾರಣೆಗೆ ನೀತಿ ಮಂಡಳಿಯೊಂದು ಇರಬೇಕು ಎಂಬುದು ಸ್ಥಾಪಕರ ಷರತ್ತಾಗಿತ್ತು. ಕಂಪನಿ ಲಂಡನ್‌ನಲ್ಲೇ ಉಳಿಯಿತು. ಗೂಗಲ್‌ನ ಗಣನಾ ಸಾಮರ್ಥ್ಯ ಕೈಗೆ ಸಿಕ್ಕಿತು. ಮುಂದಿನ ಎಲ್ಲ ಸಾಧನೆಗಳಿಗೂ ಅದು ಬೇಕಾಯಿತು.

ಆಲ್ಫಾಗೋ ಮತ್ತು ನಂತರದ ಪ್ರೋಗ್ರಾಂಗಳು

ಗೋ ಚೀನಾದಲ್ಲಿ ಹುಟ್ಟಿದ, ಪೂರ್ವ ಏಷ್ಯಾದಲ್ಲಿ ಸಾವಿರಾರು ವರ್ಷಗಳಿಂದ ಆಡುತ್ತಿರುವ ಹಲಗೆಯಾಟ. 19 ಅಡ್ಡಗೆರೆ ಮತ್ತು 19 ಉದ್ದಗೆರೆಗಳು ಸೇರುವ 361 ಬಿಂದುಗಳ ಮೇಲೆ ಇಬ್ಬರು ಕಪ್ಪು ಬಿಳಿ ಕಲ್ಲುಗಳನ್ನಿಟ್ಟು ಜಾಗ ಸುತ್ತುವರಿಯುತ್ತಾರೆ. ನಿಯಮಗಳು ಕೆಲವೇ. ಆದರೆ ಸಾಧ್ಯವಿರುವ ಸ್ಥಿತಿಗಳ ಎಣಿಕೆ 171 ಅಂಕಿಗಳ ಸಂಖ್ಯೆ. ಚೆಸ್‌ನಲ್ಲಿ ಕಂಪ್ಯೂಟರ್ 1997ರಲ್ಲೇ ವಿಶ್ವ ಚಾಂಪಿಯನ್ ಕಾಸ್ಪರೋವ್‌ರನ್ನು ಮಣಿಸಿದ್ದರೂ, ಗೋದಲ್ಲಿ ಒಂದು ಸ್ಥಿತಿ ಯಾರಿಗೆ ಅನುಕೂಲ ಎಂದು ಲೆಕ್ಕ ಹಾಕುವ ಸರಳ ಸೂತ್ರವೇ ಇರಲಿಲ್ಲ. ಪಳಗಿದ ಆಟಗಾರರು ಅದನ್ನು ಆಕಾರ ನೋಡಿ ಅರಿಯುತ್ತಿದ್ದರು.

ಡೇವಿಡ್ ಸಿಲ್ವರ್ ನೇತೃತ್ವದ ತಂಡ ಈ ಅರಿವನ್ನು ಎರಡು ನರಜಾಲಗಳಿಗೆ ಹಂಚಿತು. ಮನುಷ್ಯರು ಆಡಿದ ಆಟಗಳ ಸುಮಾರು 3 ಕೋಟಿ ಸ್ಥಿತಿಗಳಿಂದ ಕಲಿತ ನೀತಿಜಾಲ ಮುಂದಿನ ನಡೆಗಳಲ್ಲಿ ಯಾವುವನ್ನು ಪರಿಶೀಲಿಸಬೇಕೆಂದು ಸೂಚಿಸುತ್ತಿತ್ತು. ಮೌಲ್ಯಜಾಲ ಒಂದು ಸ್ಥಿತಿಯಿಂದ ಗೆಲ್ಲುವ ಸಂಭವ ಎಷ್ಟೆಂದು ಅಂದಾಜಿಸುತ್ತಿತ್ತು. ಇವೆರಡರ ನೆರವಿನಿಂದ ಮುಂದಿನ ನಡೆಗಳ ಕವಲುಗಳನ್ನು ಹುಡುಕುವ ಕೆಲಸ ನಡೆಯುತ್ತಿತ್ತು. 2015ರ ಅಕ್ಟೋಬರ್‌ನಲ್ಲಿ ಆಲ್ಫಾಗೋ ಯೂರೋಪಿನ ಚಾಂಪಿಯನ್ ಫಾನ್ ಹುಯ್ ಅವರನ್ನು 5–0ರಿಂದ ಸೋಲಿಸಿತು.

2016ರ ಮಾರ್ಚ್ 9ರಿಂದ 15ರವರೆಗೆ ಸೋಲ್ ನಗರದಲ್ಲಿ ದಕ್ಷಿಣ ಕೊರಿಯಾದ ಲೀ ಸೆಡಾಲ್ ಅವರೊಡನೆ ಐದು ಆಟಗಳ ಪಂದ್ಯ ನಡೆಯಿತು. ಬಹುಮಾನ 10 ಲಕ್ಷ ಡಾಲರ್. ಯಂತ್ರ 4–1ರಿಂದ ಗೆದ್ದಿತು. ಎರಡನೆಯ ಆಟದ 37ನೇ ನಡೆ ಈ ಪಂದ್ಯದ ಅತಿ ಹೆಚ್ಚು ಚರ್ಚಿತ ಘಟನೆ. ಮನುಷ್ಯ ಆಟಗಾರರು ಅಲ್ಲಿ ಕಲ್ಲಿಡುವ ಸಂಭವ ಹತ್ತು ಸಾವಿರಕ್ಕೆ ಒಂದು ಎಂಬುದು ಆಲ್ಫಾಗೋ ಮಾಡಿದ ಅಂದಾಜು. ನೋಡುತ್ತಿದ್ದ ವೃತ್ತಿಪರರು ಅದನ್ನು ಮೊದಲು ತಪ್ಪೆಂದೇ ತಿಳಿದರು. ಆಟ ಮುಂದುವರಿದಂತೆ ಆ ಕಲ್ಲೇ ಹಲಗೆಯ ಮಧ್ಯಭಾಗವನ್ನು ಬಿಗಿಹಿಡಿಯಿತು. ನಾಲ್ಕನೆಯ ಆಟದಲ್ಲಿ ಲೀ ಇಟ್ಟ 78ನೇ ನಡೆಗೆ ಯಂತ್ರ ತಬ್ಬಿಬ್ಬಾಗಿ ಆಟ ಬಿಟ್ಟುಕೊಟ್ಟಿತು. ಈ ಪಂದ್ಯ ಮನುಷ್ಯರ ಜಾಣ್ಮೆಯ ದಾಖಲೆಯಾಗಿಯೂ ನಿಲ್ಲುವುದು ಆ ಒಂದು ನಡೆಯಿಂದ. 2017ರ ಮೇನಲ್ಲಿ ಚೀನಾದ ವೂಝೆನ್‌ನಲ್ಲಿ ಆಗಿನ ಅಗ್ರ ಆಟಗಾರ ಕೆ ಜಿಯೆ ಅವರನ್ನು 3–0ರಿಂದ ಸೋಲಿಸಿದ ಮೇಲೆ ಆಲ್ಫಾಗೋ ಸ್ಪರ್ಧೆಗಳಿಂದ ನಿವೃತ್ತವಾಯಿತು.

2017ರ ಅಕ್ಟೋಬರ್‌ನಲ್ಲಿ ಬಂದ ಆಲ್ಫಾಗೋ ಝೀರೋ ಮನುಷ್ಯರ ಆಟಗಳನ್ನು ನೋಡಲೇ ಇಲ್ಲ. ನಿಯಮಗಳನ್ನಷ್ಟೇ ತಿಳಿದು ತನ್ನೊಡನೆ ತಾನೇ ಆಡುತ್ತ, ಮೂರು ದಿನಗಳ ತರಬೇತಿಯ ಬಳಿಕ, ಲೀ ಅವರನ್ನು ಸೋಲಿಸಿದ ಆವೃತ್ತಿಯನ್ನು 100–0ರಿಂದ ಮಣಿಸಿತು. ಇದೇ ವಿಧಾನವನ್ನು ಆಲ್ಫಾಝೀರೋ ಚೆಸ್‌ಗೂ ಜಪಾನಿನ ಶೋಗಿಗೂ ಹರಡಿತು. ಮ್ಯೂಝೀರೋಗೆ (2020) ನಿಯಮಗಳನ್ನೂ ಹೇಳಬೇಕಾಗಿರಲಿಲ್ಲ. ಆಲ್ಫಾಸ್ಟಾರ್ 2019ರಲ್ಲಿ ‘ಸ್ಟಾರ್‌ಕ್ರಾಫ್ಟ್ 2’ ಆಟದ ಗ್ರ್ಯಾಂಡ್‌ಮಾಸ್ಟರ್ ಶ್ರೇಣಿ ತಲುಪಿತು.

ಆಲ್ಫಾಫೋಲ್ಡ್

ಪ್ರೋಟೀನ್ ಎಂದರೆ ಇಪ್ಪತ್ತು ಬಗೆಯ ಅಮೈನೋ ಆಮ್ಲಗಳು ಒಂದರ ಹಿಂದೊಂದು ಪೋಣಿಸಿಕೊಂಡ ಸರ. ಜೀವಕೋಶದಲ್ಲಿ ಈ ಸರ ಮಡಚಿಕೊಂಡು ಒಂದು ನಿರ್ದಿಷ್ಟ ಆಕಾರ ತಾಳುತ್ತದೆ. ಪ್ರೋಟೀನ್ ಮಾಡುವ ಕೆಲಸ ಬಹುಮಟ್ಟಿಗೆ ಆ ಆಕಾರದಿಂದಲೇ ನಿರ್ಧಾರವಾಗುತ್ತದೆ. ಅಮೈನೋ ಆಮ್ಲಗಳ ಅನುಕ್ರಮವೇ ಆಕಾರವನ್ನು ತೀರ್ಮಾನಿಸುತ್ತದೆ ಎಂದು ತೋರಿಸಿದ ಕ್ರಿಶ್ಚಿಯನ್ ಆನ್‌ಫಿನ್‌ಸೆನ್ 1972ರ ನೊಬೆಲ್ ಪಡೆದವರಲ್ಲಿ ಒಬ್ಬರು. ಆದರೆ ಅನುಕ್ರಮದಿಂದ ಆಕಾರವನ್ನು ಲೆಕ್ಕ ಹಾಕುವುದು ಹೇಗೆ ಎಂಬ ಪ್ರಶ್ನೆ ಸುಮಾರು ಅರ್ಧ ಶತಮಾನ ಬಗೆಹರಿಯದೆ ಉಳಿಯಿತು. ಎಕ್ಸ್‌ರೇ ಸ್ಫಟಿಕ ವಿಧಾನದಿಂದ ಒಂದೇ ಪ್ರೋಟೀನಿನ ರಚನೆ ಕಂಡುಹಿಡಿಯಲು ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತಿದ್ದವು.

ಈ ಕ್ಷೇತ್ರದ ಅಡಿಪಾಯದಲ್ಲಿ ಭಾರತದ ಕೆಲಸವೂ ಇದೆ. ಸರದ ಪ್ರತಿ ಕೊಂಡಿಯೂ ಯಾವ ಕೋನಗಳಲ್ಲಿ ತಿರುಗಬಲ್ಲದು, ಯಾವುವು ಅಸಾಧ್ಯ ಎಂಬುದನ್ನು ಜಿ. ಎನ್. ರಾಮಚಂದ್ರನ್ ಮತ್ತು ಸಹೋದ್ಯೋಗಿಗಳು 1963ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಿಂದ ನಕ್ಷೆಯಾಗಿ ಪ್ರಕಟಿಸಿದರು. ‘ರಾಮಚಂದ್ರನ್ ನಕ್ಷೆ’ ಎಂದು ಹೆಸರಾದ ಅದನ್ನು ಪ್ರೋಟೀನ್ ರಚನೆಗಳ ಸರಿತಪ್ಪು ಪರಿಶೀಲಿಸಲು ಇಂದಿಗೂ ಬಳಸುತ್ತಾರೆ. ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತವಿಜ್ಞಾನ ವಿಭಾಗವನ್ನು ಕಟ್ಟಿದರು. ಆಲ್ಫಾಫೋಲ್ಡ್‌ನ ಮೊದಲ ಆವೃತ್ತಿ ಊಹಿಸುತ್ತಿದ್ದುದು ಅಮೈನೋ ಆಮ್ಲಗಳ ನಡುವಿನ ದೂರಗಳನ್ನು ಮತ್ತು ಈ ತಿರುವು ಕೋನಗಳನ್ನೇ.

ಊಹೆಗಳನ್ನು ಒರೆಗೆ ಹಚ್ಚಲು 1994ರಿಂದ ಎರಡು ವರ್ಷಕ್ಕೊಮ್ಮೆ ‘ಕ್ಯಾಸ್ಪ್’ ಎಂಬ ಸ್ಪರ್ಧೆ ನಡೆಯುತ್ತಿದೆ. ಪ್ರಯೋಗದಿಂದ ತಿಳಿದರೂ ಇನ್ನೂ ಪ್ರಕಟವಾಗದ ರಚನೆಗಳನ್ನು ಸ್ಪರ್ಧಿಗಳು ಊಹಿಸಬೇಕು. ಸ್ಪಷ್ಟ ಅಂಕಪದ್ಧತಿ, ದಶಕಗಳಿಂದ ಸಾರ್ವಜನಿಕವಾಗಿ ಕೂಡಿಬಂದ ರಚನೆಗಳ ಭಂಡಾರ ಎರಡೂ ಇದ್ದ ಈ ಸಮಸ್ಯೆ ಡೀಪ್‌ಮೈಂಡ್‌ನ ವಿಧಾನಕ್ಕೆ ಒಗ್ಗುವಂತಿತ್ತು. 2018ರಲ್ಲಿ ಆಲ್ಫಾಫೋಲ್ಡ್ ಮೊದಲ ಸ್ಥಾನ ಪಡೆಯಿತು. ಜಾನ್ ಜಂಪರ್ ನೇತೃತ್ವದಲ್ಲಿ ಪೂರ್ತಿ ಹೊಸದಾಗಿ ಕಟ್ಟಿದ ಎರಡನೆಯ ಆವೃತ್ತಿ 2020ರಲ್ಲಿ ನೂರಕ್ಕೆ 92.4ರ ಮಧ್ಯಾಂಕ ಗಳಿಸಿತು. ಸುಮಾರು 90 ದಾಟಿದರೆ ಅದು ಪ್ರಯೋಗಾಲಯದ ಫಲಿತಾಂಶಕ್ಕೆ ಸಮ ಎಂಬುದು ಕ್ಷೇತ್ರದವರ ಲೆಕ್ಕ.

2021ರ ಜುಲೈಯಲ್ಲಿ ಕಂಪನಿ ಇದರ ಮೂಲ ಪ್ರೋಗ್ರಾಂ ಬಿಡುಗಡೆ ಮಾಡಿ, ಯೂರೋಪಿನ ಜೈವಿಕ ಮಾಹಿತಿ ಸಂಸ್ಥೆಯೊಡನೆ ಉಚಿತ ದತ್ತಕೋಶ ತೆರೆಯಿತು. ಒಂದು ವರ್ಷದಲ್ಲಿ ಅದರಲ್ಲಿನ ರಚನೆಗಳ ಸಂಖ್ಯೆ 20 ಕೋಟಿ ಮೀರಿತು. 2024ರ ಹೊತ್ತಿಗೆ 190 ದೇಶಗಳ 20 ಲಕ್ಷಕ್ಕೂ ಹೆಚ್ಚು ಮಂದಿ ಇದನ್ನು ಬಳಸಿದ್ದರು. ಬಡ ಪ್ರಯೋಗಾಲಯಗಳಿಗೂ ಶ್ರೀಮಂತ ಪ್ರಯೋಗಾಲಯಗಳಿಗೂ ಒಂದೇ ಸಾಧನ ಒಂದೇ ದಿನ ಸಿಕ್ಕಿದ್ದು ವಿಜ್ಞಾನದ ಇತಿಹಾಸದಲ್ಲಿ ವಿರಳ. ಕಂಪನಿಯ ಎಲ್ಲ ಕೆಲಸಗಳಲ್ಲಿ ಇದನ್ನು ಅತಿ ಮುಖ್ಯವಾದದ್ದೆಂದು ಎಣಿಸಲು ಕಾರಣವೂ ಅದೇ.

ಮಿತಿಗಳೂ ಇವೆ. ಸ್ಥಿರ ಆಕಾರವಿಲ್ಲದ ಪ್ರೋಟೀನ್ ಭಾಗಗಳು, ಕೆಲಸ ಮಾಡುವಾಗ ಬದಲಾಗುವ ಆಕಾರಗಳು, ಒಂದೇ ಅಮೈನೋ ಆಮ್ಲ ಬದಲಾದಾಗ ಆಗುವ ಪರಿಣಾಮ ಇವುಗಳಲ್ಲಿ ಆಲ್ಫಾಫೋಲ್ಡ್ ನಂಬಲರ್ಹವಲ್ಲ. 2024ರ ಮೇನಲ್ಲಿ ಬಂದ ಆಲ್ಫಾಫೋಲ್ಡ್ 3 ಪ್ರೋಟೀನ್‌ಗಳು ಡಿಎನ್‌ಎ, ಆರ್‌ಎನ್‌ಎ ಮತ್ತು ಔಷಧದ ಅಣುಗಳೊಡನೆ ಕೂಡುವ ಬಗೆಯನ್ನೂ ಊಹಿಸುತ್ತದೆ. ಅದರ ಪ್ರೋಗ್ರಾಂ ಅನ್ನು ಮೊದಲು ತಡೆಹಿಡಿದದ್ದಕ್ಕೆ ವಿಜ್ಞಾನಿಗಳು ಪ್ರತಿಭಟಿಸಿದರು. ನವೆಂಬರ್‌ನಲ್ಲಿ ಅದು ಶೈಕ್ಷಣಿಕ ಬಳಕೆಗೆ ದೊರೆಯಿತು. ಔಷಧ ಸಂಶೋಧನೆಗೆಂದು 2021ರಲ್ಲಿ ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್ ಐಸೊಮಾರ್ಫಿಕ್ ಲ್ಯಾಬ್ಸ್ ಎಂಬ ಪ್ರತ್ಯೇಕ ಕಂಪನಿ ಸ್ಥಾಪಿಸಿತು. ಅದನ್ನೂ ಹಸಾಬಿಸ್ ಮುನ್ನಡೆಸುತ್ತಾರೆ.

ಇತರ ವೈಜ್ಞಾನಿಕ ಬಳಕೆಗಳು

ಗ್ರಾಫ್‌ಕಾಸ್ಟ್ (2023) ದಶಕಗಳ ಹವಾಮಾನ ದತ್ತಾಂಶದಿಂದ ಕಲಿತು ಹತ್ತು ದಿನಗಳ ಮುನ್ಸೂಚನೆಯನ್ನು ಒಂದು ನಿಮಿಷದೊಳಗೆ ಕೊಡುತ್ತದೆ. ಗಣಿತದಲ್ಲಿ ಆಲ್ಫಾಟೆನ್ಸರ್ (2022) ಮಾತೃಕೆಗಳ ಗುಣಾಕಾರಕ್ಕೆ ಹೊಸ ಹಾದಿಗಳನ್ನು ಹುಡುಕಿತು. ಎರಡೇ ಅಂಕಿಗಳ ಅಂಕಗಣಿತದಲ್ಲಿ 4×4 ಮಾತೃಕೆಗಳನ್ನು ಗುಣಿಸಲು, 1969ರ ಸ್ಟ್ರಾಸನ್ ವಿಧಾನಕ್ಕೆ ಬೇಕಾದ 49 ಗುಣಾಕಾರಗಳ ಬದಲು 47 ಸಾಕು ಎಂದು ಅದು ತೋರಿಸಿತು. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ 2024ರ ಪ್ರಶ್ನೆಗಳಿಗೆ ಆಲ್ಫಾಪ್ರೂಫ್ ಮತ್ತು ಆಲ್ಫಾಜಿಯೊಮೆಟ್ರಿ 2 ಸೇರಿ 42ಕ್ಕೆ 28 ಅಂಕ ಪಡೆದು ಬೆಳ್ಳಿ ಪದಕದ ಮಟ್ಟ ತಲುಪಿದವು. ಮರುವರ್ಷ ಜೆಮಿನೈನ ಒಂದು ಆವೃತ್ತಿ 35 ಅಂಕದೊಡನೆ ಚಿನ್ನದ ಮಟ್ಟ ಮುಟ್ಟಿತು. ಹೊಸ ಸ್ಫಟಿಕ ವಸ್ತುಗಳನ್ನು ಊಹಿಸುವ ನೋಮ್ (2023) 22 ಲಕ್ಷ ರಚನೆಗಳನ್ನು ಮುಂದಿಟ್ಟಿತು. ಅವುಗಳಲ್ಲಿ ನಿಜಕ್ಕೂ ಹೊಸತು, ಉಪಯುಕ್ತ ಎನ್ನಬಹುದಾದವು ಎಷ್ಟು ಎಂದು ವಸ್ತುವಿಜ್ಞಾನಿಗಳು ಪ್ರಶ್ನಿಸಿದ್ದಾರೆ.

ಆರೋಗ್ಯ ಸೇವೆ ಮತ್ತು ರೋಗಿಗಳ ದತ್ತಾಂಶ

2015ರಲ್ಲಿ ಕಂಪನಿ ಲಂಡನ್‌ನ ರಾಯಲ್ ಫ್ರೀ ಆಸ್ಪತ್ರೆ ಸಮೂಹದೊಡನೆ ಒಪ್ಪಂದ ಮಾಡಿಕೊಂಡಿತು. ಮೂತ್ರಪಿಂಡ ಹಠಾತ್ತನೆ ಕೆಡುವ ಸೂಚನೆಯನ್ನು ವೈದ್ಯರ ಫೋನಿಗೆ ಮುಟ್ಟಿಸುವ ‘ಸ್ಟ್ರೀಮ್ಸ್’ ಆ್ಯಪ್ ಅದರ ಉದ್ದೇಶ. ಇದಕ್ಕಾಗಿ ಸುಮಾರು 16 ಲಕ್ಷ ರೋಗಿಗಳ ದಾಖಲೆಗಳು ಹಸ್ತಾಂತರವಾಗಿದ್ದವು. ರೋಗಿಗಳಿಗೆ ಇದು ಸರಿಯಾಗಿ ತಿಳಿದಿರಲಿಲ್ಲ. 2017ರ ಜುಲೈಯಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರು ಆಸ್ಪತ್ರೆಯು ದತ್ತಾಂಶ ಸಂರಕ್ಷಣಾ ಕಾಯಿದೆಯನ್ನು ಪಾಲಿಸಿಲ್ಲವೆಂದು ತೀರ್ಮಾನಿಸಿದರು. ತಾನು ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯ ಸಂಕೀರ್ಣತೆಯನ್ನೂ ರೋಗಿಗಳ ದತ್ತಾಂಶದ ನಿಯಮಗಳನ್ನೂ ಕಡಿಮೆ ಅಂದಾಜಿಸಿದ್ದಾಗಿ ಡೀಪ್‌ಮೈಂಡ್ ಒಪ್ಪಿಕೊಂಡಿತು. ಆರೋಗ್ಯ ವಿಭಾಗ ಬಳಿಕ ಗೂಗಲ್‌ಗೆ ವರ್ಗವಾಯಿತು. ಇದೇ ಅವಧಿಯಲ್ಲಿ ಮೂರ್‌ಫೀಲ್ಡ್ಸ್ ಕಣ್ಣಾಸ್ಪತ್ರೆಯೊಡನೆ ನಡೆದ ಸಂಶೋಧನೆ, ರೆಟಿನಾ ಸ್ಕ್ಯಾನ್‌ಗಳನ್ನು ನೋಡಿ ಚಿಕಿತ್ಸೆಯ ತುರ್ತನ್ನು ತಜ್ಞರಷ್ಟೇ ಚೆನ್ನಾಗಿ ಸೂಚಿಸಬಹುದೆಂದು 2018ರಲ್ಲಿ ತೋರಿಸಿತು.

ಭಾಷಾ ಮಾದರಿಗಳು ಮತ್ತು ವಿಲೀನ

ಬೃಹತ್ ಭಾಷಾ ಮಾದರಿ ಎಂದರೆ ಅಪಾರ ಪಠ್ಯವನ್ನು ಓದಿ, ಮುಂದೆ ಬರಬೇಕಾದ ಪದಭಾಗವನ್ನು ಊಹಿಸಲು ಕಲಿತ ನರಜಾಲ. ಇದಕ್ಕೆ ಆಧಾರವಾದ ‘ಟ್ರಾನ್ಸ್‌ಫಾರ್ಮರ್’ ವಿನ್ಯಾಸ 2017ರಲ್ಲಿ ಗೂಗಲ್‌ನ ಇತರ ತಂಡಗಳಿಂದ ಬಂತು. ಡೀಪ್‌ಮೈಂಡ್ 2021ರಲ್ಲಿ 28,000 ಕೋಟಿ ಪ್ಯಾರಾಮೀಟರ್‌ಗಳ (ನರಜಾಲದ ಕೊಂಡಿಗಳ ಬಲವನ್ನು ಸೂಚಿಸುವ ಸಂಖ್ಯೆಗಳ) ಗೋಫರ್ ಮಾದರಿಯನ್ನು ಪ್ರಕಟಿಸಿತು. 2022ರ ಚಿಂಚಿಲಾ 7,000 ಕೋಟಿ ಪ್ಯಾರಾಮೀಟರ್‌ಗಳದ್ದೇ ಆದರೂ ಹೆಚ್ಚು ಪಠ್ಯ ಓದಿದ್ದರಿಂದ ಗೋಫರ್ ಅನ್ನು ಮೀರಿಸಿತು. ಮಾದರಿಯ ಗಾತ್ರ ಬೆಳೆದ ಪ್ರಮಾಣದಲ್ಲೇ ತರಬೇತಿಯ ಪಠ್ಯವೂ ಬೆಳೆಯಬೇಕು ಎಂಬ ಈ ಫಲಿತಾಂಶ ಇಡೀ ಉದ್ಯಮದ ಲೆಕ್ಕಾಚಾರವನ್ನು ಬದಲಿಸಿತು.

2022ರ ನವೆಂಬರ್ 30ರಂದು ಓಪನ್‌ಎಐ ಚಾಟ್‌ಜಿಪಿಟಿಯನ್ನು ಬಿಡುಗಡೆ ಮಾಡಿದಾಗ ಗೂಗಲ್‌ನ ಸಂಶೋಧನೆ ಎರಡು ಕಡೆ ಹಂಚಿಹೋಗಿತ್ತು. ಐದು ತಿಂಗಳೊಳಗೆ ಡೀಪ್‌ಮೈಂಡ್ ಮತ್ತು ಬ್ರೈನ್ ಒಂದಾದವು. ಹಸಾಬಿಸ್ ಮುಖ್ಯಸ್ಥರಾದರು. ಡಿಸೆಂಬರ್ 2023ರಲ್ಲಿ ಪಠ್ಯ, ಚಿತ್ರ, ಧ್ವನಿಗಳನ್ನು ಒಟ್ಟಿಗೆ ಗ್ರಹಿಸುವ ಜೆಮಿನೈ ಹೊರಬಂತು. 2024ರ ಫೆಬ್ರವರಿಯಲ್ಲಿ, ಅದು ರಚಿಸಿದ ಐತಿಹಾಸಿಕ ವ್ಯಕ್ತಿಗಳ ಚಿತ್ರಗಳು ತಪ್ಪಾಗಿವೆ ಎಂಬ ಟೀಕೆ ಬಂದು, ಮನುಷ್ಯರ ಚಿತ್ರ ರಚನೆಯನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಸಂಶೋಧನಾಲಯವಾಗಿ ಹುಟ್ಟಿದ ಸಂಸ್ಥೆ ಈ ವಿಲೀನದಿಂದ ಗೂಗಲ್‌ನ ಉತ್ಪನ್ನಗಳ ಎಂಜಿನಾಯಿತು.

ಹಣಕಾಸು, ಆಡಳಿತ ಮತ್ತು ಸುರಕ್ಷತೆ

ವರ್ಷಗಳ ಕಾಲ ಕಂಪನಿ ಭಾರಿ ನಷ್ಟದಲ್ಲಿತ್ತು. 2019ರ ನಷ್ಟ ಸುಮಾರು 47.7 ಕೋಟಿ ಪೌಂಡ್. 2020ರಲ್ಲಿ ಮೊದಲ ಬಾರಿ ಲಾಭ ತೋರಿಸಿತು. ವರಮಾನ ಆಲ್ಫಾಬೆಟ್‌ನ ಇತರ ಘಟಕಗಳಿಂದಲೇ ಬರುತ್ತಿತ್ತು. ಗೂಗಲ್‌ನಿಂದ ಹೆಚ್ಚಿನ ಸ್ವಾಯತ್ತತೆ ಪಡೆಯಲು ನಡೆಸಿದ ಮಾತುಕತೆ ಫಲಿಸಲಿಲ್ಲವೆಂದು 2021ರಲ್ಲಿ ವರದಿಯಾಯಿತು. ಸುಲೇಮಾನ್ 2019ರಲ್ಲಿ ಡೀಪ್‌ಮೈಂಡ್‌ನಿಂದ ಗೂಗಲ್‌ಗೆ ಹೋಗಿ, 2022ರಲ್ಲಿ ಅದನ್ನೂ ಬಿಟ್ಟರು. 2024ರಿಂದ ಮೈಕ್ರೋಸಾಫ್ಟ್‌ನ ಕೃತಕ ಬುದ್ಧಿಮತ್ತೆ ವಿಭಾಗದ ಮುಖ್ಯಸ್ಥರು.

ಕೃತಕ ಬುದ್ಧಿಮತ್ತೆಯಿಂದ ಮಾನವಕುಲಕ್ಕೇ ಅಪಾಯ ಒದಗಬಹುದು, ಅದನ್ನು ತಗ್ಗಿಸುವುದು ಜಾಗತಿಕ ಆದ್ಯತೆಯಾಗಬೇಕು ಎಂಬ 2023ರ ಮೇ ಹೇಳಿಕೆಗೆ ಹಸಾಬಿಸ್ ಮತ್ತು ಲೆಗ್ ಸಹಿ ಹಾಕಿದ್ದಾರೆ. ಯಂತ್ರ ರಚಿಸಿದ ಚಿತ್ರಗಳಲ್ಲಿ ಕಣ್ಣಿಗೆ ಕಾಣದ ಗುರುತು ಸೇರಿಸುವ ‘ಸಿಂಥ್‌ಐಡಿ’ 2023ರಲ್ಲಿ, ಅಪಾಯಕರ ಸಾಮರ್ಥ್ಯಗಳನ್ನು ಮುಂಚಿತವಾಗಿ ಪರೀಕ್ಷಿಸುವ ಚೌಕಟ್ಟು 2024ರಲ್ಲಿ ಬಂದವು. ಆದರೆ ಆಯುಧ ಮತ್ತು ಕಣ್ಗಾವಲಿಗೆ ತಂತ್ರಜ್ಞಾನ ಬಳಸುವುದಿಲ್ಲ ಎಂದು 2018ರಲ್ಲಿ ಕೊಟ್ಟಿದ್ದ ವಚನವನ್ನು ಗೂಗಲ್ 2025ರ ಫೆಬ್ರವರಿಯಲ್ಲಿ ತನ್ನ ತತ್ವಗಳ ಪಟ್ಟಿಯಿಂದ ತೆಗೆದುಹಾಕಿತು. 2014ರ ಮಾರಾಟದ ಷರತ್ತನ್ನು ನೆನೆದರೆ ಇದು ಸಣ್ಣ ಬದಲಾವಣೆಯಲ್ಲ.

ಭಾರತ ಮತ್ತು ಕನ್ನಡ

ಗೂಗಲ್ 2019ರಲ್ಲಿ ಬೆಂಗಳೂರಿನಲ್ಲಿ ಸಂಶೋಧನಾಲಯ ತೆರೆಯಿತು. ಈಗ ಗೂಗಲ್ ಡೀಪ್‌ಮೈಂಡ್‌ನ ತಂಡವೂ ಆ ನಗರದಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯೊಡನೆ ಗೂಗಲ್ ಕೈಗೊಂಡಿರುವ ‘ವಾಣಿ’ ಯೋಜನೆ ದೇಶದ 773 ಜಿಲ್ಲೆಗಳ ಆಡುಮಾತನ್ನು ಧ್ವನಿಮುದ್ರಿಸುವ ಗುರಿ ಹೊಂದಿದೆ. ಜನರಿಗೆ ಚಿತ್ರ ತೋರಿಸಿ, ಅದರ ಬಗ್ಗೆ ತಮ್ಮದೇ ಮಾತಿನಲ್ಲಿ ಹೇಳಿಸುತ್ತಾರೆ. ಕಲೆಹಾಕಿದ ದತ್ತಾಂಶ ಎಲ್ಲರಿಗೂ ಮುಕ್ತ. ಭಾಷೆಯ ಬದಲು ಜಿಲ್ಲೆಯನ್ನು ಘಟಕವಾಗಿ ಹಿಡಿದದ್ದರಿಂದ ಪ್ರಾದೇಶಿಕ ಉಪಭಾಷೆಗಳಿಗೂ ಇದರಲ್ಲಿ ಜಾಗವಿದೆ. 2024ರ ಜೂನ್‌ನಲ್ಲಿ ಜೆಮಿನೈ ಆ್ಯಪ್ ಕನ್ನಡವೂ ಸೇರಿ ಒಂಬತ್ತು ಭಾರತೀಯ ಭಾಷೆಗಳಲ್ಲಿ ದೊರೆಯತೊಡಗಿತು.

ಪ್ರಸ್ತುತ ಸ್ಥಿತಿ

ಜೆಮಿನೈ ಮಾದರಿಗಳ ಅಭಿವೃದ್ಧಿ ಸಂಸ್ಥೆಯ ಮುಖ್ಯ ಕೆಲಸವಾಗಿ ಮುಂದುವರಿದಿದೆ. ಮೂರನೆಯ ಪೀಳಿಗೆ 2025ರ ನವೆಂಬರ್‌ನಲ್ಲಿ ಬಂತು. ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಜೆಮ್ಮಾ ಮಾದರಿಗಳು, ವಿಡಿಯೊ ರಚಿಸುವ ವಿಯೊ, ರೋಬೋಟ್‌ಗಳನ್ನು ನಡೆಸುವ ಜೆಮಿನೈ ರೋಬೊಟಿಕ್ಸ್ ಇದರ ಜೊತೆಗಿವೆ. 2025ರ ಮೇನಲ್ಲಿ ಪ್ರಕಟವಾದ ಆಲ್ಫಾಎವಾಲ್ವ್ ಭಾಷಾ ಮಾದರಿಯಿಂದ ಪ್ರೋಗ್ರಾಂಗಳನ್ನು ಬರೆಯಿಸಿ, ಪ್ರತಿಯೊಂದಕ್ಕೂ ತಾನೇ ಅಂಕ ಕೊಟ್ಟು, ಒಳ್ಳೆಯದನ್ನು ಉಳಿಸಿಕೊಂಡು ತಿದ್ದುತ್ತ ಹೋಗುತ್ತದೆ. ಸಂಕೀರ್ಣ ಸಂಖ್ಯೆಗಳ 4×4 ಮಾತೃಕೆಗಳನ್ನು 48 ಗುಣಾಕಾರಗಳಲ್ಲಿ ಗುಣಿಸುವ ವಿಧಾನ ಹೀಗೆ ದೊರೆಯಿತು.